ಜಾತ್ರೆಯಲ್ಲಿ ತೆಗೆದ ಚಿತ್ರ ರೊಟ್ಟಿ ಪೊಟ್ಟಣದ ಮೇಲೆ: ಮುಖದ ಹಕ್ಕು ಯಾರದು?

ಕೊಪ್ಪಳದ ಹವ್ಯಾಸಿ ಛಾಯಾಗ್ರಾಹಕ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಾನು ಕೊಪ್ಪಳದ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕ. ರಜೆ ಸಿಕ್ಕಾಗಲೆಲ್ಲ ಕ್ಯಾಮೆರಾ ಹಿಡಿದು ಸಂತೆ, ಜಾತ್ರೆ, ಉರುಸುಗಳಲ್ಲಿ ತಿರುಗಾಡುವುದು ಹದಿನೈದು ವರ್ಷಗಳಿಂದ ಬಂದ ರೂಢಿ. ಗವಿಮಠದ ಜಾತ್ರೆಯ ಮಹಾದಾಸೋಹದಲ್ಲಿ, ಪಂಕ್ತಿಯಲ್ಲಿ ಕುಳಿತಿದ್ದ ಸುಮಾರು ಎಪ್ಪತ್ತು ವಯಸ್ಸಿನ ತಾಯಿಯೊಬ್ಬರು ಖಡಕ್ ರೊಟ್ಟಿಯನ್ನು ಎಡಗೈಯಲ್ಲಿ ಹಿಡಿದು ಬಲಗೈ ಹೆಬ್ಬೆರಳಿನಿಂದ ಒತ್ತಿ ಮುರಿಯುತ್ತಿದ್ದರು. ಮುರಿದ ರೊಟ್ಟಿಯ ಪುಡಿ ಗಾಳಿಗೆ ಹಾರುತ್ತಿತ್ತು, ಅವರು ಪಕ್ಕದವರ ಮಾತಿಗೆ ನಗುತ್ತಿದ್ದರು. ದೂರದಲ್ಲಿ ನಿಂತು ಉದ್ದನೆಯ ಲೆನ್ಸ್‌ನಲ್ಲಿ ಆ ಚಿತ್ರ ತೆಗೆದೆ. ಅವರಿಗೆ ಗೊತ್ತೇ ಆಗಲಿಲ್ಲ. ಅದೇ ರಾತ್ರಿ ಫೇಸ್‌ಬುಕ್‌ನಲ್ಲಿ ಹಾಕಿದೆ, ನೂರಾರು ಜನ ಹಂಚಿಕೊಂಡರು, ನಾನೂ ಹಿಗ್ಗಿದೆ.

ಎಂಟು ತಿಂಗಳಾದ ಮೇಲೆ ಒಂದು ಮುಂಜಾನೆ ಅಪರಿಚಿತ ಸಂಖ್ಯೆಯಿಂದ ಕರೆ ಬಂದಿತು. "ಸರ್, ನಮ್ಮವ್ವನ ಫೋಟೋ ಯಾರನ್ನ ಕೇಳಿ ಮಾರೀರಿ?" ಎಂದು ಆ ಕಡೆಯವರು ಕೇಳಿದಾಗ ನನಗೆ ಏನೂ ತಿಳಿಯಲಿಲ್ಲ. ಆಮೇಲೆ ಅವರು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಚಿತ್ರ ನೋಡಿ ಎದೆ ಧಸಕ್ಕೆಂದಿತು. ಪೊಟ್ಟಣದಲ್ಲಿ ರೊಟ್ಟಿ ಮಾರುವ ಒಂದು ಸಂಸ್ಥೆಯವರು ನನ್ನ ಚಿತ್ರವನ್ನು ಕತ್ತರಿಸಿ, ದಾಸೋಹದ ಪಂಕ್ತಿಯನ್ನು ಅಳಿಸಿ, ಆ ತಾಯಿಯ ಮುಖವನ್ನು ಪೊಟ್ಟಣದ ಮೇಲೆ ಮುದ್ರಿಸಿದ್ದರು. ನಾನು ಯಾರಿಗೂ ಮಾರಿಲ್ಲ. ಅವರು ನನ್ನನ್ನೂ ಕೇಳಿರಲಿಲ್ಲ. ಆದರೆ ಊರಲ್ಲಿ ಆ ತಾಯಿಗೆ ಎದುರಾದವರೆಲ್ಲ ಕೇಳುತ್ತಿರುವುದು ಒಂದೇ ಮಾತು: "ಎಷ್ಟ ರೊಕ್ಕ ಕೊಟ್ರಬೇ?" ಮಠದ ಪ್ರಸಾದದ ಮುಂದೆ ಕುಳಿತವರು ಮುಖ ಮಾರಿಕೊಂಡರು ಎನ್ನುವ ಮಾತು ಅವರಿಗೆ ತಡೆಯಲಾರದಷ್ಟು ನೋವು ತಂದಿದೆ ಎಂದು ಮಗ ಹೇಳಿದರು.

ನಾನು ತಿಳಿಯಬೇಕಾದದ್ದು ಇಷ್ಟು. ಸಾವಿರಾರು ಜನ ಸೇರಿದ ಜಾತ್ರೆಯಲ್ಲಿ ಕೇಳದೆ ಚಿತ್ರ ತೆಗೆದದ್ದು ಕಾನೂನಿನ ಪ್ರಕಾರ ತಪ್ಪೇ? ಫೇಸ್‌ಬುಕ್‌ನಲ್ಲಿ ಹಾಕಿದ್ದು ತಪ್ಪೇ? ಈಗ ಆ ತಾಯಿಯ ಪರವಾಗಿ ಏನು ಮಾಡಲು ಸಾಧ್ಯ? ನನ್ನನ್ನು ಸಮಾಧಾನ ಪಡಿಸಲು ಬರೆಯಬೇಡಿ. ಗೊತ್ತಿದ್ದವರು ಇದ್ದದ್ದನ್ನು ಇದ್ದ ಹಾಗೆ ತಿಳಿಸಿ.

ಗಂಗಾವತಿಯ ವಕೀಲ

ಮಾಸ್ತರರೇ, ನೀವು ಮೂರು ಪ್ರಶ್ನೆ ಕೇಳಿದ್ದೀರಿ, ಮೂರಕ್ಕೂ ಉತ್ತರ ಬೇರೆ ಬೇರೆ. ಚಿತ್ರ ತೆಗೆಯುವುದು ಒಂದು ಕ್ರಿಯೆ, ಪ್ರಕಟಿಸುವುದು ಇನ್ನೊಂದು, ವ್ಯಾಪಾರಕ್ಕೆ ಬಳಸುವುದು ಮತ್ತೊಂದು. ನಮ್ಮ ಜನ ಈ ಮೂರನ್ನೂ ಒಂದೇ ಗಂಟಿನಲ್ಲಿ ಕಟ್ಟುವುದರಿಂದಲೇ ಗೊಂದಲ ಹುಟ್ಟುತ್ತದೆ.

ಮೊದಲನೆಯದು. ಸಾರ್ವಜನಿಕ ಸ್ಥಳದಲ್ಲಿ ಎಲ್ಲರ ಕಣ್ಣಿಗೆ ಕಾಣುವಂತೆ ಇರುವ ವಯಸ್ಕ ವ್ಯಕ್ತಿಯ ಸಾಧಾರಣ ಚಿತ್ರವನ್ನು ಅನುಮತಿ ಇಲ್ಲದೆ ತೆಗೆದರೆ ಅದಷ್ಟೇ ಅಪರಾಧವೆಂದು ಹೇಳುವ ಕಾಯ್ದೆ ನಮ್ಮ ದೇಶದಲ್ಲಿ ಇಲ್ಲ. ಆದ್ದರಿಂದ ದಾಸೋಹದ ಪಂಕ್ತಿಯಲ್ಲಿ ನೀವು ಆ ಚಿತ್ರ ತೆಗೆದದ್ದಕ್ಕೆ ನಿಮ್ಮ ಮೇಲೆ ಪ್ರಕರಣ ದಾಖಲಿಸುವ ಕಲಂ ನನಗೆ ಕಾಣುವುದಿಲ್ಲ. ಆದರೆ ಇದನ್ನು ಓದಿ ಯಾರೂ ಎದೆಯುಬ್ಬಿಸಿ ಕ್ಯಾಮೆರಾ ಎತ್ತಬಾರದು, ಏಕೆಂದರೆ ಇದಕ್ಕೆ ಅಂಟಿಕೊಂಡ ಮಿತಿಗಳು ಗಟ್ಟಿಯಾಗಿವೆ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ಕಲಂ 77, ಅಂದರೆ ಹಳೆಯ ದಂಡ ಸಂಹಿತೆಯ 354ಸಿ, ಮಹಿಳೆಯೊಬ್ಬರು ಯಾರೂ ತಮ್ಮನ್ನು ನೋಡುತ್ತಿಲ್ಲವೆಂದು ಸಹಜವಾಗಿ ನಂಬಬಹುದಾದ ಸನ್ನಿವೇಶದಲ್ಲಿ ಖಾಸಗಿ ಕೃತ್ಯದಲ್ಲಿ ಇರುವಾಗ ನೋಡುವುದನ್ನೂ ಚಿತ್ರೀಕರಿಸುವುದನ್ನೂ ಹಂಚುವುದನ್ನೂ ಶಿಕ್ಷಾರ್ಹಗೊಳಿಸುತ್ತದೆ. ಮೊದಲ ಸಲ ಸಾಬೀತಾದರೆ ಒಂದು ವರ್ಷಕ್ಕೆ ಕಡಿಮೆಯಿಲ್ಲದೆ ಮೂರು ವರ್ಷದವರೆಗೆ ಸಜೆ ಮತ್ತು ದಂಡ, ಎರಡನೆಯ ಸಲಕ್ಕೆ ಮೂರರಿಂದ ಏಳು ವರ್ಷ. ಇದರ ವಿವರಣೆಯಲ್ಲಿ ಹಲವರು ಗಮನಿಸದ ಒಂದು ಮಾತಿದೆ: ಚಿತ್ರ ತೆಗೆಯಲು ಒಪ್ಪಿಗೆ ಕೊಟ್ಟಿದ್ದರೂ ಅದನ್ನು ಮೂರನೆಯವರಿಗೆ ಹಂಚಲು ಒಪ್ಪಿಗೆ ಕೊಟ್ಟಿರದಿದ್ದರೆ ಹಂಚುವುದು ಅಪರಾಧವೇ. ಒಂದು ಒಪ್ಪಿಗೆ ಇನ್ನೊಂದಕ್ಕೆ ಸಲ್ಲುವುದಿಲ್ಲ ಎನ್ನುವ ಈ ತತ್ವವನ್ನು ನಾನು ಈ ಚರ್ಚೆಯುದ್ದಕ್ಕೂ ನೆನಪಿಸುತ್ತಲೇ ಇರುತ್ತೇನೆ.

ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 66ಇ ಗಂಡು ಹೆಣ್ಣೆಂಬ ಭೇದವಿಲ್ಲದೆ ಅನ್ವಯಿಸುತ್ತದೆ. ಯಾರದೇ ಗುಪ್ತಾಂಗದ ಚಿತ್ರವನ್ನು ಒಪ್ಪಿಗೆಯಿಲ್ಲದೆ ತೆಗೆದರೆ, ಪ್ರಕಟಿಸಿದರೆ ಅಥವಾ ರವಾನಿಸಿದರೆ ಮೂರು ವರ್ಷದವರೆಗೆ ಸಜೆ ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ.

ಎರಡನೆಯ ಮತ್ತು ಮೂರನೆಯ ಪ್ರಶ್ನೆಗೆ ಬರುತ್ತೇನೆ. 1994ರ ಆರ್. ರಾಜಗೋಪಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಖಾಸಗಿತನದ ಹಕ್ಕನ್ನು ವಿವರಿಸುವಾಗ, ವ್ಯಕ್ತಿಯ ಹೆಸರನ್ನಾಗಲಿ ರೂಪವನ್ನಾಗಲಿ ಅವರ ಒಪ್ಪಿಗೆಯಿಲ್ಲದೆ ಜಾಹೀರಾತಿಗೆ ಅಥವಾ ಬೇರೆ ಉದ್ದೇಶಕ್ಕೆ ಬಳಸಿದರೆ ಆ ಹಕ್ಕಿನ ಉಲ್ಲಂಘನೆಯಾಗುತ್ತದೆ ಎಂದು ಉದಾಹರಣೆಯಾಗಿಯೇ ಹೇಳಿದೆ. ನಿಮ್ಮ ರೊಟ್ಟಿ ಪೊಟ್ಟಣಕ್ಕೆ ಇದಕ್ಕಿಂತ ಹತ್ತಿರದ ಮಾತು ಇನ್ನೊಂದಿಲ್ಲ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಪುಟ್ಟಸ್ವಾಮಿ ಪ್ರಕರಣದಲ್ಲಿ ಖಾಸಗಿತನ ಮೂಲಭೂತ ಹಕ್ಕೆಂದು ಸಾರಿತು. ಸಾರ್ವಜನಿಕ ಸ್ಥಳಕ್ಕೆ ಬಂದ ಮಾತ್ರಕ್ಕೆ ಮನುಷ್ಯನ ಖಾಸಗಿತನ ಕಳೆದುಹೋಗುವುದಿಲ್ಲ ಎನ್ನುವ ಮಾತೂ ಆ ತೀರ್ಪಿನಲ್ಲಿದೆ. ಆದರೆ ಠಾಣೆಯಲ್ಲಿ ದೂರು ಬರೆಯುವಾಗ ಬೇಕಾಗುವ ಕಲಂ ಆ ತೀರ್ಪಿನಿಂದ ಸಿಗುವುದಿಲ್ಲ. ಆ ತಾಯಿಯ ದಾರಿ ಹೆಚ್ಚಾಗಿ ಸಿವಿಲ್ ದಾವೆಯದು: ಬಳಕೆ ನಿಲ್ಲಿಸುವ ತಡೆಯಾಜ್ಞೆ ಮತ್ತು ಪರಿಹಾರ. ಮೊದಲ ಹೆಜ್ಜೆ ವಕೀಲರ ನೋಟಿಸು.

ರಾಯಚೂರಿನ ಉಪನ್ಯಾಸಕಿ

ವಕೀಲರು ಬರೆದ ಮೊದಲ ವಾಕ್ಯ ಕಾನೂನಿನ ದೃಷ್ಟಿಯಿಂದ ಸರಿ ಎಂದು ನಾನೂ ಒಪ್ಪುತ್ತೇನೆ, ಆದರೆ ಆ ವಾಕ್ಯ ನಮ್ಮಂಥವರ ಬದುಕಿನಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂದು ಹೇಳಲೇಬೇಕು. ನನ್ನ ವಿದ್ಯಾರ್ಥಿನಿಯೊಬ್ಬಳು ಬಸ್ ನಿಲ್ದಾಣದಲ್ಲಿ ಮಾನ್ವಿಯ ಬಸ್ಸಿಗೆ ಕಾಯುತ್ತಿದ್ದಾಗ ಎದುರು ಕಲ್ಲುಬೆಂಚಿನ ಮೇಲಿದ್ದವನು ಮೊಬೈಲನ್ನು ಎದೆಯ ಮಟ್ಟಕ್ಕೆ ನೆಟ್ಟಗೆ ಹಿಡಿದಿದ್ದ. ಹಾಡು ಕೇಳುತ್ತಿರುವವನಂತೆ ತಲೆಯಾಡಿಸುತ್ತಿದ್ದನಂತೆ. ಅವನ ಹಿಂದಿದ್ದ ಅಂಗಡಿಯ ಗಾಜಿನಲ್ಲಿ ತನ್ನದೇ ಮುಖ ಪರದೆಯ ಮೇಲಿರುವುದು ಅವಳಿಗೆ ಕಂಡಿತು. ಹೋಗಿ ಕೇಳಿದರೆ, "ಇದು ಬಸ್‌ಸ್ಟ್ಯಾಂಡ್ ಅದ, ನಿಮ್ಮನಿ ಅಲ್ಲ" ಎಂದ. ಅವಳು ಅಂದಿನಿಂದ ಮೂರು ತಿಂಗಳು ಮುಖಕ್ಕೆ ದುಪಟ್ಟಾ ಸುತ್ತಿಕೊಂಡೇ ಕಾಲೇಜಿಗೆ ಬಂದಳು.

ಕಲಂ 77ರ ಅಡಿಯಲ್ಲಿ ಇಂಥವನ ಮೇಲೆ ಪ್ರಕರಣ ನಿಲ್ಲುವುದು ಕಷ್ಟ. ಮನೆಯ ಮುಂದೆ ನಿಂತಿದ್ದ ಮಹಿಳೆಯ ಚಿತ್ರ ತೆಗೆದ ಪ್ರಕರಣದಲ್ಲಿ 2024ರಲ್ಲಿ ಕೇರಳ ಹೈಕೋರ್ಟು ಅದು ಹಳೆಯ 354ಸಿ ವ್ಯಾಪ್ತಿಗೆ ಬರುವುದಿಲ್ಲ ಎಂದಿತು. 2025ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಕೂಡ ಪಶ್ಚಿಮ ಬಂಗಾಳದ ಒಂದು ಪ್ರಕರಣದಲ್ಲಿ, ಮಹಿಳೆ ಖಾಸಗಿ ಕೃತ್ಯದಲ್ಲಿ ತೊಡಗಿರಲಿಲ್ಲವಾದ್ದರಿಂದ ಆ ಕಲಂ ಅನ್ವಯಿಸದು ಎಂದು ಆರೋಪಿಯನ್ನು ಬಿಡುಗಡೆ ಮಾಡಿತು. ಕಲಮಿನ ಪದಗಳನ್ನು ಓದಿದರೆ ನ್ಯಾಯಾಲಯಗಳು ಬೇರೆ ಹೇಳಲು ಸಾಧ್ಯವಿರಲಿಲ್ಲ ಎಂಬುದು ನನಗೆ ಅರ್ಥವಾಗುತ್ತದೆ. ಹಾಗೆಂದು ಹೆಣ್ಣುಮಕ್ಕಳು ಬರಿಗೈಯಲ್ಲಿ ನಿಂತಿದ್ದಾರೆ ಎಂದು ತಿಳಿಯುವುದು ತಪ್ಪು. ಬೇಡವೆಂದು ಸ್ಪಷ್ಟಪಡಿಸಿದರೂ ಒಬ್ಬಳ ಹಿಂದೆ ಬಿದ್ದು ಮತ್ತೆ ಮತ್ತೆ ಸಂಪರ್ಕಿಸಲು ನೋಡಿದರೆ ಹಿಂಬಾಲಿಸುವಿಕೆಯ ಕಲಂ 78 ಇದೆ. ಮಾನಕ್ಕೆ ಧಕ್ಕೆ ತರುವ ಉದ್ದೇಶದಿಂದ ಆಕೆಯ ಖಾಸಗಿತನಕ್ಕೆ ನುಗ್ಗಿದರೆ ಕಲಂ 79 ಇದೆ. 2025ರಲ್ಲಿ ಬೆಂಗಳೂರಿನ ಮೆಟ್ರೊದಲ್ಲಿಯೂ ಚರ್ಚ್ ಸ್ಟ್ರೀಟ್‌ನಲ್ಲಿಯೂ ಮಹಿಳೆಯರನ್ನು ಕದ್ದು ಚಿತ್ರೀಕರಿಸಿ ಇನ್‌ಸ್ಟಾಗ್ರಾಂನಲ್ಲಿ ಹಾಕುತ್ತಿದ್ದವರನ್ನು ಪೊಲೀಸರು ಬಂಧಿಸಿದರು. ಆ ಎರಡೂ ಕಡೆ ಇದ್ದದ್ದು ನಡೆದು ಹೋಗುವ ಸಾಧಾರಣ ಹೆಣ್ಣುಮಕ್ಕಳ ಸಾಧಾರಣ ದೃಶ್ಯವೇ. ಆದರೆ ಆ ದೃಶ್ಯಗಳನ್ನು ಪೋಣಿಸಿ, ಕೆಟ್ಟ ಅರ್ಥದ ಖಾತೆಯಲ್ಲಿ ಇಟ್ಟಾಗ ಅವುಗಳ ಸ್ವರೂಪವೇ ಬದಲಾಯಿತು.

ಈ ಕಳವಳ ಮೊಬೈಲಿನೊಂದಿಗೆ ಹುಟ್ಟಿದ್ದಲ್ಲ. 1888ರಲ್ಲಿ ಕೊಡಾಕ್ ಕ್ಯಾಮೆರಾ ಬಂದು ಯಾರು ಬೇಕಾದರೂ ಚಿತ್ರ ತೆಗೆಯುವಂತಾದ ಎರಡೇ ವರ್ಷಕ್ಕೆ, 1890ರಲ್ಲಿ, ಅಮೆರಿಕದ ವಾರೆನ್ ಮತ್ತು ಬ್ರ್ಯಾಂಡೈಸ್ ಎಂಬ ವಕೀಲರು ಖಾಸಗಿತನದ ಹಕ್ಕಿನ ಕುರಿತು ಬರೆದ ಹೆಸರಾಂತ ಲೇಖನದಲ್ಲಿ ಕ್ಷಣಾರ್ಧದ ಛಾಯಾಚಿತ್ರಗಳ ಪ್ರಸ್ತಾಪವಿದೆ. ಕೆನಡಾದ ಕ್ವಿಬೆಕ್‌ನ ಒಂದು ಪ್ರಕರಣ ಮಾಸ್ತರರ ಪ್ರಶ್ನೆಗೆ ಇನ್ನೂ ಹತ್ತಿರದ್ದು. ಮಾಂಟ್ರಿಯಲ್ ನಗರದ ಬೀದಿಯೊಂದರಲ್ಲಿ ಕಟ್ಟಡದ ಮೆಟ್ಟಿಲ ಮೇಲೆ ಕುಳಿತಿದ್ದ 17 ವರ್ಷದ ಹುಡುಗಿಯ ಚಿತ್ರವನ್ನು ಒಂದು ಕಲಾ ಪತ್ರಿಕೆ ಅವಳನ್ನು ಕೇಳದೆ ಅಚ್ಚು ಹಾಕಿತು. ಚಿತ್ರದಲ್ಲಿ ಅವಮಾನಕರವಾದದ್ದು ಏನೂ ಇರಲಿಲ್ಲ. ಆದರೂ 1998ರಲ್ಲಿ ಆ ದೇಶದ ಸುಪ್ರೀಂ ಕೋರ್ಟು ಹುಡುಗಿಯ ಪರವಾಗಿ ನಿಂತು 2,000 ಡಾಲರ್ ಪರಿಹಾರವನ್ನು ಎತ್ತಿಹಿಡಿಯಿತು. ಮೊತ್ತ ಸಣ್ಣದು. ಆದರೆ ಕಲೆಯ ಹೆಸರು ಹೇಳಿದ ಮಾತ್ರಕ್ಕೆ ಗುರುತು ಸಿಗುವ ಮುಖವೊಂದನ್ನು ಎತ್ತಿಕೊಳ್ಳಲಾಗದು ಎನ್ನುವ ತತ್ವ ಸಣ್ಣದಲ್ಲ. ಅದು ಕ್ವಿಬೆಕ್‌ನ ಕಾನೂನು, ನಮ್ಮದಲ್ಲ ಎಂಬುದು ನನಗೆ ಗೊತ್ತು. ನಮ್ಮಲ್ಲಿಯೂ ಅಷ್ಟು ಸ್ಪಷ್ಟವಾದ ನಿಯಮ ಬರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಗಂಗಾವತಿಯ ಯುವ ಛಾಯಾಗ್ರಾಹಕ

ಮೇಡಂ ಅವರ ಮಾತಿಗೆ ಗೌರವವಿದೆ, ಆದರೆ ಇದನ್ನು ಹೇಳದೆ ಇರಲಾರೆ. ಕೇಳಿ ತೆಗೆದ ಚಿತ್ರದಲ್ಲಿ ಜನ ನೆಟ್ಟಗೆ ನಿಂತು, ಕೈ ಜೋಡಿಸಿ, ಉಸಿರು ಬಿಗಿಹಿಡಿಯುತ್ತಾರೆ. ಭತ್ತದ ನಾಟಿಯ ಹೊತ್ತಿನಲ್ಲಿ ಗದ್ದೆಯ ಬದುವಿನ ಮೇಲಿಂದ "ಅಕ್ಕಾರೆ, ಫೋಟೋ ತೆಗಿಲೇನ್ರಿ?" ಎಂದು ಕೂಗಿದರೆ ಸಾಲಿನಲ್ಲಿ ಬಗ್ಗಿದ್ದ ಇಪ್ಪತ್ತು ಜನರೂ ಎದ್ದು ನಿಲ್ಲುತ್ತಾರೆ, ಅಲ್ಲಿಗೆ ನಾಟಿಯ ಚಿತ್ರ ಮುಗಿಯಿತು. ಪ್ರತಿಯೊಂದಕ್ಕೂ ಮೊದಲೇ ಒಪ್ಪಿಗೆ ಕಡ್ಡಾಯವಾಗಿದ್ದರೆ ನಮ್ಮ ಜಾತ್ರೆ, ಮೊಹರಂ, ಸುಗ್ಗಿಗಳ ಐವತ್ತು ವರ್ಷಗಳ ದಾಖಲೆ ಇರುತ್ತಲೇ ಇರಲಿಲ್ಲ. ಸಂವಿಧಾನದ 19ನೆಯ ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯದಲ್ಲಿ ನಮ್ಮ ಕ್ಯಾಮೆರಾಕ್ಕೂ ಪಾಲಿಲ್ಲವೇ?

ರಾಯಚೂರಿನ ಉಪನ್ಯಾಸಕಿ

ತಮ್ಮಾ, ಪಾಲಿದೆ. ತೆಗೆಯುವ ಮೊದಲೇ ಕೇಳು ಎಂದು ನಾನು ಹೇಳುತ್ತಿಲ್ಲ. ನಾಟಿಯ ಚಿತ್ರ ತೆಗೆದ ಮೇಲೆ ಬದುವಿಗೆ ಇಳಿದು, ಪರದೆಯ ಮೇಲೆ ತೋರಿಸಿ, "ಇದನ್ನು ಹಾಕಲೇ?" ಎಂದು ಕೇಳಬಹುದಲ್ಲ. ಒಬ್ಬರು ಬೇಡವೆಂದರೆ ಅವರ ಎದುರಿಗೇ ಅಳಿಸು. ಬಸ್ ನಿಲ್ದಾಣದವನಿಗೂ ನಿನಗೂ ಇರುವ ವ್ಯತ್ಯಾಸ ನಿನ್ನ ಮನಸ್ಸಿಗೆ ಗೊತ್ತಿದ್ದರೆ ಸಾಲದು, ಎದುರಿಗೆ ಇರುವವರಿಗೆ ಗೊತ್ತಾಗಬೇಕು.

ಆನೆಗೊಂದಿಯ ನಿವಾಸಿ

ವಿದ್ಯಾವಂತರ ಚರ್ಚೆಯ ನಡುವೆ ನದಿ ದಂಡೆಯ ಒಂದು ಮಾತು ಹೇಳುತ್ತೇನೆ. ನಮ್ಮ ಮನೆಯವರು ತುಂಗಭದ್ರೆಯಲ್ಲಿ ಬಟ್ಟೆ ಒಗೆಯುತ್ತಾರೆ, ಹಬ್ಬ ಹುಣ್ಣಿಮೆಗೆ ಸ್ನಾನ ಮಾಡುತ್ತಾರೆ. ಅಂಜನಾದ್ರಿಗೂ ಹಂಪಿಗೂ ಬರುವ ಪ್ರವಾಸಿಗಳಲ್ಲಿ ಬಹಳ ಜನ ಒಳ್ಳೆಯವರು. ಕೆಲವರು ಮಾತ್ರ ಬಂಡೆಯ ಮೇಲೆ ನಿಂತು, ನೀರಿನಿಂದ ಎದ್ದು ಬರುವ ಹೆಂಗಸರ ಕಡೆಗೇ ಕ್ಯಾಮೆರಾ ತಿರುಗಿಸುತ್ತಾರೆ. ಈಗೀಗ ಡ್ರೋನ್ ಕೂಡ ತಲೆಯ ಮೇಲೆ ಗುಂಯ್‌ಗುಡುತ್ತದೆ. ಬೈದರೆ "ನದಿ ನಿಮ್ಮಪ್ಪಂದಲ್ಲ" ಎನ್ನುತ್ತಾರೆ. ನದಿ ನಮ್ಮಪ್ಪನದಲ್ಲ, ನಿಜ. ಹಾಗಾದರೆ ನಮ್ಮ ಹೆಣ್ಣುಮಕ್ಕಳ ಒದ್ದೆ ಸೀರೆ ಕೂಡ ಎಲ್ಲರ ಆಸ್ತಿಯೇನು? ವಕೀಲರು ಹೇಳಬೇಕು. ಹೋದ ವರ್ಷ ನಮ್ಮ ಹುಡುಗರು ಒಬ್ಬನ ಕ್ಯಾಮೆರಾ ಕಸಿದುಕೊಂಡು ಎಲ್ಲ ಅಳಿಸಿ ಹಾಕಿದರು, ಕೊನೆಗೆ ನಮ್ಮ ಹುಡುಗರ ಮೇಲೆಯೇ ದೂರು ಆಯಿತು.

ಗಂಗಾವತಿಯ ವಕೀಲ

ಅಣ್ಣಾವರೇ, ನೀವು ಎತ್ತಿದ ಪ್ರಶ್ನೆಗೆ ಕಾನೂನಿನಲ್ಲಿ ನೇರ ಉತ್ತರವಿದೆ. ಕಲಂ 66ಇ ಖಾಸಗಿತನದ ಉಲ್ಲಂಘನೆಯನ್ನು ವಿವರಿಸುವಾಗ, ತನ್ನ ಗುಪ್ತಾಂಗದ ಯಾವ ಭಾಗವೂ ಜನರ ಕಣ್ಣಿಗೆ ಬೀಳದು ಎಂದು ವ್ಯಕ್ತಿ ನ್ಯಾಯವಾಗಿ ನಿರೀಕ್ಷಿಸಬಹುದಾದ ಸನ್ನಿವೇಶವನ್ನು ಹೇಳಿ, ಆ ವ್ಯಕ್ತಿ ಸಾರ್ವಜನಿಕ ಸ್ಥಳದಲ್ಲಿ ಇರಲಿ ಖಾಸಗಿ ಸ್ಥಳದಲ್ಲಿ ಇರಲಿ ಎರಡೂ ಒಂದೇ ಎಂದು ಸ್ಪಷ್ಟಪಡಿಸುತ್ತದೆ. ಒಳ ಉಡುಪಿನಲ್ಲಿದ್ದರೂ ಅದು ಗುಪ್ತಾಂಗದ ವ್ಯಾಖ್ಯೆಯ ಒಳಗೇ ಬರುತ್ತದೆ. ಆದ್ದರಿಂದ ಸ್ನಾನಘಟ್ಟದಲ್ಲಿ ಬಟ್ಟೆ ಬದಲಿಸುವವರ ಮೇಲೆ ಕ್ಯಾಮೆರಾ ಇಟ್ಟವನು "ನದಿ ಎಲ್ಲರದು" ಎಂದು ಪಾರಾಗಲಾರ. ಬಟ್ಟೆ ಒಗೆಯುತ್ತಿರುವ ದೃಶ್ಯಕ್ಕೆ ಈ ಕಲಂ ತಾಗುವುದಿಲ್ಲ. ಅಲ್ಲಿ ಉದ್ದೇಶ ಕೆಟ್ಟದ್ದೆಂದು ತೋರಿಸಲು ಸಾಧ್ಯವಾದರೆ ಕಲಂ 79ರ ಕಡೆ ನೋಡಬೇಕಾಗುತ್ತದೆ.

ಕ್ಯಾಮೆರಾ ಕಸಿದದ್ದರ ಬಗ್ಗೆ ಒಂದು ಮಾತು. ನಿಮ್ಮ ಹುಡುಗರ ಸಿಟ್ಟು ನನಗೆ ಅರ್ಥವಾಗುತ್ತದೆ, ಆದರೆ ಇನ್ನೊಬ್ಬರ ಫೋನು ಕಿತ್ತುಕೊಳ್ಳಲು, ತೆರೆದು ನೋಡಲು, ಅಳಿಸಲು ಯಾವ ಖಾಸಗಿ ವ್ಯಕ್ತಿಗೂ ಅಧಿಕಾರವಿಲ್ಲ. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಅಳಿಸಿದ ಕೂಡಲೇ ಅವನ ಅಪರಾಧದ ಸಾಕ್ಷ್ಯವೂ ಹೋಯಿತು. ಅವನನ್ನು ಅಲ್ಲಿಯೇ ನಿಲ್ಲಿಸಿಕೊಂಡು 112ಕ್ಕೆ ಕರೆ ಮಾಡಿ, ಬಂದ ಪೊಲೀಸರಿಗೆ ಫೋನನ್ನು ಜಪ್ತಿ ಮಾಡಲು ಹೇಳುವುದೇ ಸರಿಯಾದ ದಾರಿ. ಚಿತ್ರ ಈಗಾಗಲೇ ಅಂತರ್ಜಾಲಕ್ಕೆ ಹೋಗಿದ್ದರೆ ಖಾತೆಯ ಹೆಸರು, ಕೊಂಡಿ, ದಿನಾಂಕ, ಸಮಯ ಕಾಣುವಂತೆ ಪರದೆಯ ಚಿತ್ರ ತೆಗೆದಿಟ್ಟುಕೊಂಡು ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಗೆ ಅಥವಾ ಕೇಂದ್ರದ ಸೈಬರ್ ಅಪರಾಧ ಪೋರ್ಟಲ್‌ಗೆ ದೂರು ಕೊಡಬೇಕು. ಹತ್ತಿರದ ಯಾವ ಠಾಣೆಗೆ ಹೋದರೂ, ಸ್ಥಳ ತಮ್ಮ ಸರಹದ್ದಿಗೆ ಬರುವುದಿಲ್ಲ ಎಂದು ವಾಪಸು ಕಳಿಸುವಂತಿಲ್ಲ. ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173 ಪ್ರಕಾರ ಅಲ್ಲಿಯೇ ದೂರು ದಾಖಲಾಗಬೇಕು. ನಗ್ನತೆ ಇರುವ ಅಥವಾ ತಿರುಚಿದ ಚಿತ್ರಗಳ ವಿಷಯದಲ್ಲಿ ಸಂತ್ರಸ್ತರೇ ಜಾಲತಾಣಕ್ಕೆ ದೂರು ಕೊಟ್ಟರೆ ಅವರು ಕ್ಷಿಪ್ರವಾಗಿ ತೆಗೆಯಲೇಬೇಕು. 2021ರ ನಿಯಮಗಳು ಬಂದಾಗಲೇ ಅದಕ್ಕೆ 24 ಗಂಟೆಗಳ ಗಡುವು ಹಾಕಿದ್ದವು.

ಬಳ್ಳಾರಿಯ ಸ್ಟುಡಿಯೊ ಮಾಲೀಕ

ಮೂವತ್ತು ವರ್ಷದಿಂದ ಬಳ್ಳಾರಿಯಲ್ಲಿ ಸ್ಟುಡಿಯೊ ನಡೆಸುತ್ತಿರುವವನಾಗಿ ಒಂದು ವಿಷಯ ಸೇರಿಸುತ್ತೇನೆ. ನಮ್ಮ ಕಸುಬಿನವರಲ್ಲಿಯೇ ಅರ್ಧ ಜನಕ್ಕೆ ಇದು ಗೊತ್ತಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಚಿತ್ರ ತೆಗೆದವನೇ ಅದರ ಮೊದಲ ಒಡೆಯ. ಆದರೆ ಗಿರಾಕಿ ದುಡ್ಡು ಕೊಟ್ಟು ತೆಗೆಸಿದ ಚಿತ್ರಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಗಿರಾಕಿಯೇ ಒಡೆಯ. ಮದುವೆಯ ಆಲ್ಬಂನಿಂದ ಚೆಂದದ ಮದುಮಗಳ ಚಿತ್ರ ಆರಿಸಿ, ದೊಡ್ಡದು ಮಾಡಿ ಅಂಗಡಿಯ ಮುಂದೆ ತೂಗುಹಾಕುವ ಪದ್ಧತಿ ನಮ್ಮಲ್ಲಿ ಮೊದಲಿನಿಂದ ಇದೆ, ನಾನೂ ಹಾಕುತ್ತಿದ್ದೆ. ಹತ್ತು ವರ್ಷದ ಹಿಂದೆ ಒಬ್ಬ ತಂದೆ ಬಂದು, ಒಂದು ಮಾತೂ ಆಡದೆ, ಚೌಕಟ್ಟಿನ ಮುಂದೆ ಬಹಳ ಹೊತ್ತು ನಿಂತರು. ಅವರ ಮಗಳು ತೀರಿಕೊಂಡು ಆರು ತಿಂಗಳಾಗಿತ್ತು. ಆ ದಿನವೇ ಎಲ್ಲ ಚೌಕಟ್ಟುಗಳನ್ನು ಇಳಿಸಿದೆ. ಈಗ ಬುಕಿಂಗ್ ರಸೀದಿಯ ಮೇಲೆಯೇ, ಅಂಗಡಿಯಲ್ಲಿ ಪ್ರದರ್ಶಿಸಲು ಒಪ್ಪಿಗೆ ಇದೆಯೇ, ಇನ್‌ಸ್ಟಾಗ್ರಾಂಗೆ ಇದೆಯೇ ಎಂದು ಬೇರೆ ಬೇರೆ ಕೇಳಿ ಸಹಿ ಪಡೆಯುತ್ತೇನೆ.

ಮಾಸ್ತರರ ಪ್ರಕರಣದಲ್ಲಿ ಯಾರೂ ದುಡ್ಡು ಕೊಟ್ಟು ತೆಗೆಸಿಲ್ಲ. ಆದ್ದರಿಂದ ಆ ಚಿತ್ರದ ಒಡೆತನ ಮಾಸ್ತರರದೇ, ಅವರು ಬದುಕಿರುವವರೆಗೆ, ಆಮೇಲೆ ತೀರಿಕೊಂಡ ಮುಂದಿನ ವರ್ಷದಿಂದ ಲೆಕ್ಕ ಹಾಕಿ 60 ವರ್ಷ. ರೊಟ್ಟಿ ಸಂಸ್ಥೆಯವರು ಕದ್ದದ್ದು ಮೊದಲು ಅವರ ಆಸ್ತಿಯನ್ನು.

ಗಂಗಾವತಿಯ ವಕೀಲ

ಸ್ಟುಡಿಯೊದವರು ನನ್ನ ಕೆಲಸ ಹಗುರ ಮಾಡಿದರು, ಮತ್ತು ನನ್ನನ್ನು ಬಹಳ ದಿನದಿಂದ ಕಾಡುತ್ತಿರುವ ವಿಷಯಕ್ಕೂ ಬಾಗಿಲು ತೆರೆದರು. ಗುಂಡಿ ಒತ್ತಿದವನ ಹಕ್ಕನ್ನು ನಮ್ಮ ಕಾನೂನು 1957ರಿಂದಲೇ ಕಲಂ ಹಾಕಿ, ಶಿಕ್ಷೆ ಬರೆದು, ಗಟ್ಟಿಯಾಗಿ ಕಾಪಾಡಿದೆ. ತಿಳಿದೂ ಕೃತಿಸ್ವಾಮ್ಯ ಉಲ್ಲಂಘಿಸಿದವನಿಗೆ ಕಲಂ 63ರ ಅಡಿಯಲ್ಲಿ ಆರು ತಿಂಗಳಿಂದ ಮೂರು ವರ್ಷದವರೆಗೆ ಸಜೆ, 50 ಸಾವಿರದಿಂದ 2 ಲಕ್ಷದವರೆಗೆ ದಂಡ. ಯಾರ ಮುಖವೋ ಅವರ ಹಕ್ಕನ್ನು ಮಾತ್ರ ತೀರ್ಪುಗಳ ಸಾಲುಗಳ ನಡುವೆ ಹುಡುಕಿ ತೆಗೆಯಬೇಕಾಗಿದೆ. ಹೆಸರಾಂತ ನಟರು ತಮ್ಮ ರೂಪ, ಧ್ವನಿಗಳ ದುರ್ಬಳಕೆಯ ವಿರುದ್ಧ ದೆಹಲಿ ಹೈಕೋರ್ಟಿನಿಂದ ತಡೆಯಾಜ್ಞೆ ತರುತ್ತಾರೆ, ಏಕೆಂದರೆ ಅವರ ಮುಖಕ್ಕೆ ಮಾರುಕಟ್ಟೆಯ ಬೆಲೆ ಇದೆಯೆಂದು ತೋರಿಸುವುದು ಸುಲಭ. ರೊಟ್ಟಿ ಮುರಿಯುತ್ತಿದ್ದ ತಾಯಿ ತಮ್ಮ ಮುಖಕ್ಕೆ ಬೆಲೆ ಕಟ್ಟಿದವರೇ ಅಲ್ಲ. ಅವರ ನೋವು ಇರುವುದೇ ಯಾರೋ ಬೆಲೆ ಕಟ್ಟಿದರು ಎಂಬುದರಲ್ಲಿ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಈ ಅಂತರವನ್ನು ಸ್ವಲ್ಪ ಮಟ್ಟಿಗೆ ತುಂಬಬಹುದು. ಗುರುತು ಸಿಗುವ ಡಿಜಿಟಲ್ ಚಿತ್ರ ವೈಯಕ್ತಿಕ ದತ್ತಾಂಶವೇ. ವ್ಯಕ್ತಿಯೊಬ್ಬ ತನ್ನ ಸ್ವಂತದ ಅಥವಾ ಮನೆಯ ಉಪಯೋಗಕ್ಕೆ ಬಳಸಿದರೆ ಕಾಯ್ದೆ ಅನ್ವಯಿಸದು, ಸಂಸ್ಥೆ ವ್ಯಾಪಾರಕ್ಕೆ ಬಳಸಿದರೆ ಆ ವಿನಾಯಿತಿ ಸಿಗದು. 2025ರ ನವೆಂಬರ್‌ನಲ್ಲಿ ಅದರ ನಿಯಮಗಳು ಪ್ರಕಟವಾಗಿವೆ, ಮುಖ್ಯ ಕಟ್ಟುಪಾಡುಗಳು ಹಂತ ಹಂತವಾಗಿ ಜಾರಿಗೆ ಬರುತ್ತಿವೆ. ಹಾಗಾಗಿ ಇವತ್ತಿನ ಮಟ್ಟಿಗೆ ನಾನು ಅದರ ಮೇಲೆ ಭಾರ ಹಾಕುವುದಿಲ್ಲ. ಮಾಸ್ತರರೇ, ಇಲ್ಲಿ ಬಲವಾದ ಆಯುಧ ಇರುವುದು ನಿಮ್ಮ ಕೈಯಲ್ಲಿ. ಆ ತಾಯಿಗೆ ಇಲ್ಲದ ಹಕ್ಕು ನಿಮಗಿದೆ. ನಿಮ್ಮ ಕೃತಿಸ್ವಾಮ್ಯದ ಹೆಸರಿನಲ್ಲಿ ನೋಟಿಸು ಕಳಿಸಿ, ಜೊತೆಗೆ ಅವರ ಖಾಸಗಿತನದ ಹಕ್ಕಿನ ನೋಟಿಸೂ ಹೋಗಲಿ. ಆದರೆ ಮೊದಲು ಅವರ ಊರಿಗೆ ಹೋಗಿ, ಅವರಿಗೆ ಏನು ಬೇಕು ಎಂದು ಕೇಳಿ ಬನ್ನಿ. ಕ್ಯಾಮೆರಾದ ಮೂಲ ಕಡತವನ್ನು ಮುಟ್ಟಬೇಡಿ, ಒಂದು ಪೊಟ್ಟಣವನ್ನು ಬಿಲ್ಲು ಸಮೇತ ಕೊಂಡಿಟ್ಟುಕೊಳ್ಳಿ.

ಸಿಂಧನೂರಿನ ವರದಿಗಾರ

ಸುದ್ದಿಯ ವಿಷಯದಲ್ಲಿ ಅಳತೆ ಬೇರೆ ಎಂಬುದನ್ನು ಸೇರಿಸಬೇಕು. ರೈತರ ಧರಣಿಯ ಅಥವಾ ಮಳೆಗೆ ಕುಸಿದ ಸೇತುವೆಯ ಮುಂದೆ ನಿಂತ ಜನರ ಚಿತ್ರಕ್ಕೆ ಒಬ್ಬೊಬ್ಬರ ಒಪ್ಪಿಗೆ ಕೇಳುವುದು ಆಗದ ಮಾತು, ಕಾನೂನು ಅದನ್ನು ಕೇಳುವುದೂ ಇಲ್ಲ. ಆದರೆ ನಮ್ಮವರು ಕಣ್ಣುಮುಚ್ಚಿ ದಾಟುವ ಕೆಲವು ಗೆರೆಗಳು ಕಲ್ಲಿನ ಮೇಲೆ ಕೊರೆದವು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿನ ಹೆಸರು, ಚಿತ್ರ, ಶಾಲೆ, ನೆರೆಹೊರೆ ಯಾವುದನ್ನೂ ಪೋಕ್ಸೊ ಕಾಯ್ದೆಯ ಕಲಂ 23ರ ಪ್ರಕಾರ ಮಾಧ್ಯಮ ಬಹಿರಂಗ ಪಡಿಸುವಂತಿಲ್ಲ. ಮಗುವಿನ ಹಿತಕ್ಕೆಂದು ವಿಶೇಷ ನ್ಯಾಯಾಲಯ ಅನುಮತಿ ಕೊಟ್ಟರೆ ಮಾತ್ರ ಬೇರೆ. ಬಾಲನ್ಯಾಯ ಕಾಯ್ದೆಯ ಕಲಂ 74 ಕಾನೂನಿನೊಂದಿಗೆ ಸಂಘರ್ಷಕ್ಕೆ ಒಳಗಾದ ಮಕ್ಕಳಿಗೂ ಸಾಕ್ಷಿಯಾದ ಮಕ್ಕಳಿಗೂ ಇದೇ ರಕ್ಷಣೆ ಕೊಡುತ್ತದೆ. ಅತ್ಯಾಚಾರ ಸಂತ್ರಸ್ತೆಯ ಗುರುತನ್ನು ನ್ಯಾಯ ಸಂಹಿತೆಯ ಕಲಂ 72 ಕಾಪಾಡುತ್ತದೆ. ಮನೆಯ ಹೊರಗೋಡೆ, ತಾಯಿಯ ಮುಖ, ಅಂಗಳದಲ್ಲಿ ನಿಂತ ಟ್ರ್ಯಾಕ್ಟರ್ ತೋರಿಸಿ ಮಗುವಿನ ಮುಖ ಮಾತ್ರ ಮಸುಕು ಮಾಡಿದರೆ, ಆ ಊರಿನವರಿಗೆ ಹೆಸರು ಹೇಳಿದಷ್ಟೇ ಆಯಿತು. ಹಿಂದೊಮ್ಮೆ ನಾನು ಕಳಿಸಿದ ಚಿತ್ರದಲ್ಲಿ ಹುಡುಗಿಯ ಸಮವಸ್ತ್ರದ ಬಣ್ಣ ಉಳಿದು, ಮರುದಿನವೇ ಜನ ಶಾಲೆ ಗುರುತಿಸಿದ್ದರು. ಆ ತಪ್ಪು ನನ್ನದು, ಇಂದಿಗೂ ಮರೆತಿಲ್ಲ.

ಕರ್ತವ್ಯದ ಮೇಲಿರುವ ಪೊಲೀಸರನ್ನು ಚಿತ್ರೀಕರಿಸಬಹುದೇ ಎಂದು ಹಲವರು ನನ್ನನ್ನು ಕೇಳುತ್ತಾರೆ. ಅವರ ಕೆಲಸಕ್ಕೆ ಅಡ್ಡಿ ಮಾಡದೆ ಸಾರ್ವಜನಿಕ ಸ್ಥಳದಲ್ಲಿ ಚಿತ್ರೀಕರಿಸುವುದನ್ನು ನಿಷೇಧಿಸುವ ಸಾಮಾನ್ಯ ಕಾಯ್ದೆ ಇಲ್ಲ. ಠಾಣೆಯೊಳಗಿನ ಚಿತ್ರೀಕರಣದ ಪ್ರಕರಣವೊಂದರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2022ರಲ್ಲಿ, ಪೊಲೀಸ್ ಠಾಣೆ 1923ರ ಅಧಿಕೃತ ರಹಸ್ಯ ಕಾಯ್ದೆಯ ಅರ್ಥದಲ್ಲಿ ನಿಷೇಧಿತ ಸ್ಥಳವಲ್ಲ ಎಂದು ಹೇಳಿದೆ.

ಕೊಪ್ಪಳದ ಹವ್ಯಾಸಿ ಛಾಯಾಗ್ರಾಹಕ

ಎಲ್ಲರಿಗೂ ಕೃತಜ್ಞತೆ. ನಾಲ್ಕು ವಾರ ಬಿಟ್ಟು ಬರೆಯುತ್ತಿದ್ದೇನೆ. ವಕೀಲರು ಹೇಳಿದಂತೆ ಮೊದಲು ಆ ತಾಯಿಯ ಊರಿಗೆ ಹೋದೆ. ಕುಷ್ಟಗಿ ತಾಲ್ಲೂಕಿನ ಸಣ್ಣ ಹಳ್ಳಿ. ಕಟ್ಟೆಯ ಮೇಲೆ ಕುಳಿತು ತೊಗರಿ ಹಸನು ಮಾಡುತ್ತಿದ್ದವರು ನನ್ನನ್ನು ನೋಡಿ ಮೊರ ಕೆಳಗಿಡಲಿಲ್ಲ. ನಾನೇ ಚಿತ್ರ ತೆಗೆದವನು, ಕೇಳದೆ ತೆಗೆದೆ, ಕೇಳದೆ ಹಾಕಿದೆ ಎಂದು ಹೇಳಿದೆ. ಬಹಳ ಹೊತ್ತಿನ ಮೇಲೆ, "ನೀ ತಗದದ್ದಕ್ಕ ನನಗ ಸಿಟ್ಟಿಲ್ಲಪ್ಪಾ. ಅಜ್ಜನ ಜಾತ್ರಿ ಪ್ರಸಾದ ಅಳಿಸಿ ಮಾರೂ ರೊಟ್ಟಿ ಇಟ್ಟಾರಲ್ಲ, ಅದಕ್ಕ" ಎಂದರು. ಮೂಲ ಚಿತ್ರದ ಪ್ರತಿಯೊಂದನ್ನು ಕೊಟ್ಟೆ. ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತವರನ್ನು ಬೆರಳಿಟ್ಟು ತೋರಿಸಿ, ಈಕೆ ನಮ್ಮ ನೆಗೆಣ್ಣಿ, ಶ್ರಾವಣದಲ್ಲಿ ಹೋದಳು ಎಂದರು. ಆ ಪ್ರತಿಯನ್ನು ಇಟ್ಟುಕೊಂಡರು.

ಎರಡು ನೋಟಿಸುಗಳನ್ನೂ ಕಳಿಸಿದೆವು, ಒಂದು ನನ್ನದು, ಒಂದು ಅವರ ಹೆಬ್ಬೆಟ್ಟಿನದು. ಸಂಸ್ಥೆಯವರು ಮೊದಲು, "ಅಂತರ್ಜಾಲದಲ್ಲಿ ಸಿಕ್ಕಿತು" ಎಂದರು. ಅಂತರ್ಜಾಲದಲ್ಲಿ ಸಿಕ್ಕದ್ದು ಯಾರದೂ ಅಲ್ಲ ಎಂಬ ನಂಬಿಕೆ ಅವರಿಗೆ ಪ್ರಾಮಾಣಿಕವಾಗಿಯೇ ಇದ್ದಂತೆ ತೋರಿತು. ಕಲಂ 63 ಕಂಡ ಮೇಲೆ ಮಾತು ಮೆತ್ತಗಾಯಿತು. ಹಣದ ಪ್ರಸ್ತಾಪ ನನಗೇ ಬಂದಿತು, ಒಡೆಯ ನಾನೇ ಎಂಬ ಕಾರಣಕ್ಕೆ. ಅದನ್ನು ತಾಯಿಯ ಮುಂದೆ ಇಟ್ಟಾಗ, ರೊಕ್ಕ ಮುಟ್ಟಿದರೆ ಊರವರ ಮಾತು ನಿಜವಾಗುತ್ತದೆ ಎಂದು ಅವರು ನಿರಾಕರಿಸಿದರು, ಹಾಗಾಗಿ ನಾನೂ ತೆಗೆದುಕೊಳ್ಳಲಿಲ್ಲ. ಇದನ್ನು ಕಾನೂನಿನ ಸಲಹೆಯಾಗಿ ಯಾರೂ ಸ್ವೀಕರಿಸಬೇಕಾಗಿಲ್ಲ, ಪರಿಹಾರ ಪಡೆಯುವುದು ಸಂಪೂರ್ಣ ನ್ಯಾಯಸಮ್ಮತ. ಇಲ್ಲಿ ಅವರ ಇಚ್ಛೆ ಹೀಗಿತ್ತು. ಒಪ್ಪಂದದ ಪ್ರಕಾರ ಹೊಸ ಮುದ್ರಣ ನಿಂತಿದೆ, ಫೇಸ್‌ಬುಕ್ ಜಾಹೀರಾತು ಹೋಗಿದೆ, ಒಪ್ಪಿಗೆಯಿಲ್ಲದೆ ಚಿತ್ರ ಬಳಸಿದ್ದಕ್ಕೆ ಬರವಣಿಗೆಯಲ್ಲಿ ತಪ್ಪೊಪ್ಪಿಗೆ ಬಂದಿದೆ. ಅದನ್ನು ಮಗ ಊರ ಚಾವಡಿಯಲ್ಲಿ ಓದಿ ಹೇಳಿದರಂತೆ. ಅಂಗಡಿಗಳಲ್ಲಿ ಉಳಿದ ಪೊಟ್ಟಣಗಳ ಮೇಲಿನ ಮುಖದ ಮೇಲೆ ಚೀಟಿ ಅಂಟಿಸುವುದಾಗಿ ಸಂಸ್ಥೆಯವರು ಬರೆದುಕೊಟ್ಟಿದ್ದಾರೆ. ಕಳೆದ ವಾರ ಕೊಪ್ಪಳದ ಎರಡು ಅಂಗಡಿಗಳಲ್ಲಿ ಚೀಟಿ ಇತ್ತು, ಬಸ್ ನಿಲ್ದಾಣದ ಹತ್ತಿರದ ಒಂದರಲ್ಲಿ ಇರಲಿಲ್ಲ. ಆ ಪೊಟ್ಟಣವನ್ನು ಬಿಲ್ಲಿನೊಂದಿಗೆ ಕೊಂಡು ವಕೀಲರಿಗೆ ಕಳಿಸಿದ್ದೇನೆ. ಕುಷ್ಟಗಿಯ ಅಂಗಡಿಗಳನ್ನು ಈ ರವಿವಾರ ನೋಡಿಕೊಂಡು ಬಂದು ಇಲ್ಲಿಯೇ ತಿಳಿಸುತ್ತೇನೆ.